ಮೋಟು ಪೆನ್ಸಿಲ್ಲಿನ ‘ಯಾಕೆ?’

ಬಿ.ಎ. ಓದುವ ನೀಲಾಂಬಿಕೆಯ ಪೆನ್ನು, ಇಂಗ್ಲಿಷ್ ಸಾಹಿತ್ಯದ ಪರೀಕ್ಷೆಗೆಂದು ಗೈಡಿನ ಪ್ರಬಂಧವನ್ನೇ ಹತ್ತು ಸಲ ಬರೆದು ಬಾಯಿಪಾಠ ಮಾಡಿತ್ತು. ಅವಳ ಮೋಟು ಪೆನ್ಸಿಲ್ ಮಾತ್ರ ಪಠ್ಯವಾಗಿದ್ದ ನಾಟಕದ ಪುಸ್ತಕದ ಅಂಚಿನಲ್ಲಿ, “ವಿಧವೆ ಆ ಕಾಗದವನ್ನು ಯಾಕೆ ಸುಟ್ಟಳು?” ಎಂದೆಲ್ಲ ಬರೆಯುತ್ತ ಸವೆಯುತ್ತಿತ್ತು.

“ಗೈಡಿನಲ್ಲಿ ಇಲ್ಲದ್ದು ನಿನಗ್ಯಾಕೋ, ಮೋಟಣ್ಣ?” ಎಂದು ಪೆನ್ನು ನಕ್ಕಿತು.

“ಪ್ರಶ್ನೆ ಕೇಳೋರು ಗೈಡಿನ ಅಪ್ಪಣೆ ಪಡೀತಾರೇನಯ್ಯ?” ಎಂದಿತು ಪೆನ್ಸಿಲ್.

ಪರೀಕ್ಷೆಯಲ್ಲಿ ಬಂದದ್ದು, ‘ವಿಧವೆ ಕಾಗದ ಸುಟ್ಟದ್ದು ಸರಿಯೇ?’ ಎಂಬ, ಗೈಡಿನಲ್ಲಿ ಇಲ್ಲದ ಪ್ರಶ್ನೆ. ಪೆನ್ನಿನ ನಿಬ್ಬೇ ಒಣಗಿತು. ಅಂಚಿನ ಆ ‘ಯಾಕೆ’ ನೆನಪಾಗಿದ್ದೇ ತಡ ನೋಡಿ, ಮೂರು ಪುಟ ಸರಾಗವಾಗಿ ಹರಿಯಿತು!

ಮನೆಗೆ ಬಂದ ಪೆನ್ನು, ಬೆರಳಿಗೂ ಸಿಗದಂತಾಗಿದ್ದ ಪೆನ್ಸಿಲ್ಲಿಗೆ ತನ್ನ ಮುಚ್ಚಳವನ್ನೇ ಕಳಚಿ ಹಿಂದಿನಿಂದ ತೊಡಿಸಿ ಹೇಳಿತು: “ಅಣ್ಣಾ, ಇನ್ನಷ್ಟು ದಿನ ಕೇಳ್ತಾ ಇರಪ್ಪ.”