ಮೂರನೆಯ ಬಡಿತ

"ಅಯ್ಯನವರೇ, ದೀಕ್ಷೆಯ ವಿಧಿಯಲ್ಲಿ ಒಂದು ಮಾತು ತಪ್ಪಿದರೂ ಕೆಡುಕಾಗುತ್ತದೆಯೇ?" ಎಂದು ನತಾನಿಯೇಲ ಕೇಳಿದ.

ಫ್ರೀಮೇಸನ್ನರೆಂಬ ಗುಟ್ಟಿನ ಸಂಘದ ಒಳಗೇ ಕ್ರೈಸ್ತರಿಗೆ ಮಾತ್ರ ಪ್ರವೇಶವಿರುವ ಯೋಧರ ಪಂಗಡವೊಂದಿದೆ. ಅದರ ಬಾಗಿಲು ಕಾಯುವ ಕೆಲಸ ಅವನಿಗೆ ಹೊಸದಾಗಿ ಸಿಕ್ಕಿತ್ತು. ಪಾಠ ತಪ್ಪೀತೆಂಬ ಭಯಕ್ಕೆ ಊಟ ಸೇರುತ್ತಿರಲಿಲ್ಲ. ಪಂಗಡದ ಹಿರಿಯರಾದ ಅಮ್ಮನ್ನ ಅಯ್ಯನವರು ಉತ್ತರ ಕೊಡದೆ ಕತೆ ಹೇಳಿದರು. ಊರು ಯಾವುದೆಂದು ಕೇಳಬೇಡ, ಸಲಕ್ಕೊಂದು ಹೆಸರು ಹೇಳುತ್ತೇನೆ ಎಂದು ಮೊದಲೇ ಎಚ್ಚರಿಸಿದರು.

ಹಿಂದೆ ಜೆರೂಸಲೇಮಿಗೆ ಹೋಗುವ ಯಾತ್ರಿಕರನ್ನು ದಾರಿಗಳ್ಳರಿಂದ ಕಾಯಲು ಕೆಲವು ಯೋಧರು ವ್ರತ ತೊಟ್ಟಿದ್ದರು. ಬಿಳಿಯ ನಿಲುವಂಗಿ, ಅದರ ಮೇಲೆ ಕೆಂಪು ಶಿಲುಬೆ. ಅವರ ಕಾಲ ಮುಗಿದು ನೂರಾರು ವರ್ಷಗಳಾದ ಮೇಲೆ ಮೇಸನ್ನರು ಆ ಹೆಸರನ್ನೂ ಅಂಗಿಯನ್ನೂ ಎತ್ತಿಕೊಂಡರು. ನೆಂಟಸ್ತನವೇನೂ ಇಲ್ಲ, ಅಂಗಿ ಮಾತ್ರ ಚೆನ್ನಾಗಿ ಒಪ್ಪಿತು.

ದಂಡಿನ ಊರೊಂದರ ಹೊರಗೆ, ಹೆದ್ದಾರಿಯ ಪಕ್ಕ, ಅವರ ಸಭಾಮಂದಿರವಿತ್ತು. ಸೇರಬಯಸುವವನು ಬಡ ಯಾತ್ರಿಕನ ವೇಷದಲ್ಲಿ ಬಂದು ಬಾಗಿಲು ಬಡಿಯಬೇಕು. ಎರಡು ಸಲ ಅವನನ್ನು ಹಿಂದಕ್ಕೆ ಕಳಿಸಬೇಕು. ಮೂರನೆಯ ಬಡಿತಕ್ಕೆ ತೆರೆದು ರೊಟ್ಟಿ ನೀರು ಕೊಡಬೇಕು. ಅಲ್ಲಿಯ ಪದ್ಧತಿ ಹಾಗೆ.

ಬಾಗಿಲು ಕಾಯುವವನಿಗೆ ಒಂದೇ ಆಸೆ, ಈ ಸಲವಾದರೂ ತಪ್ಪಬಾರದು. ಹಿಂದಿನ ಸಲ ಒಂದು ಮಾತು ನುಂಗಿ ಎಲ್ಲರೆದುರು ನಗೆಪಾಟಲಾಗಿದ್ದ.

ಅಂದು ಹೊಸ ಅಭ್ಯರ್ಥಿಯೊಬ್ಬ ಬರುವುದಿತ್ತು. ಮುಸ್ಸಂಜೆಗೆ ಬಾಗಿಲು ಬಡಿದ ಸದ್ದಾಯಿತು.

"ತೆಗೀರಪ್ಪಾ. ಕಳ್ಳರು ಹೊಡೆದು ಹಾಕಿದ್ರು. ನೀರು ಕೊಡಿ."

ಪಾಠ ಮರೆತು ಸ್ವಂತದ್ದು ಹೊಡೆಯುತ್ತಿದ್ದಾನೆ, ನರಳುವುದು ಮಾತ್ರ ಭೇಷಾಗಿದೆ ಎಂದು ಒಳಗಿದ್ದವರು ನಕ್ಕರು. ಕಾಯುವವನು ವಿಧಿಯಂತೆ ಹಿಂದಿರುಗಲು ಹೇಳಿದ. ಆದರೂ ಅವನಿಗೆ ಕನಿಕರ ಬಂತು. ಮಾತು ಮರೆತವನ ಪಾಡು ಅವನಿಗೆ ಗೊತ್ತಿತ್ತು. ಎರಡನೆಯ ಬಡಿತ ಕೇಳಿದಾಗ ಬಾಗಿಲ ಸಂದಿಗೆ ಬಾಯಿಟ್ಟು, "'ಬಡ ಯಾತ್ರಿಕ, ಆಸರೆ ಬೇಡುತ್ತೇನೆ' ಅನ್ನಯ್ಯಾ" ಎಂದು ಪಿಸುಗುಟ್ಟಿದ.

"ಬಡ ಯಾತ್ರಿಕ... ಆಸರೆ..." ಎಂದಿತು ಹೊರಗಿನ ದನಿ.

ಕಾಯುವವನು ನೆಟ್ಟಗೆ ನಿಂತು, ಸಭೆಗೆಲ್ಲ ಕೇಳುವಂತೆ ತನ್ನ ಪಾಠ ಒಪ್ಪಿಸಿದ. "ಹಿಂದಿರುಗು, ಯಾತ್ರಿಕನೇ. ನಿನ್ನ ಕಾಲ ಇನ್ನೂ ಬಂದಿಲ್ಲ."

ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಬಡಿಯದೆ ತೆರೆಯುವಂತಿಲ್ಲ. ಅವನು ರೊಟ್ಟಿಯನ್ನೂ ನೀರಿನ ಬಟ್ಟಲನ್ನೂ ಹಿಡಿದು ಕಾದ.

ಕೊನೆಗೆ ಮೂರನೆಯ ಬಡಿತ ಬಿತ್ತು. ಪಾಠ ಈ ಸಲ ಸ್ಪಷ್ಟವಾಗಿತ್ತು. ಬಾಗಿಲು ತೆರೆದರೆ ಯಾತ್ರಿಕನ ವೇಷದ ಅಭ್ಯರ್ಥಿ ನಿಂತಿದ್ದ. ಗಾಡಿ ಸಿಗದೆ ತಡವಾಯಿತೆಂದ. ಅವನ ಕಾಲ ಬುಡದಲ್ಲಿ, ಹೊಸ್ತಿಲಿಗೆ ಅಡ್ಡವಾಗಿ, ತಲೆಯೊಡೆದ ದಾರಿಹೋಕನೊಬ್ಬ ಬಿದ್ದಿದ್ದ.

"ಇವನೂ ವಿಧಿಗೆ ಸೇರಿದವನು ಅಂದುಕೊಂಡೆ," ಎಂದ ಅಭ್ಯರ್ಥಿ.

ಕಾಯುವವನು ಮಂಡಿಯೂರಿ, ಬಿದ್ದವನ ಬಾಯಿಗೆ ನೀರು ಬಿಟ್ಟ. ನೀರು ಕೆನ್ನೆಯ ಮೇಲಿಂದ ಹರಿದುಹೋಯಿತು.

ಅಯ್ಯನವರು ಕತೆ ನಿಲ್ಲಿಸಿದರು. ನತಾನಿಯೇಲ ಕೇಳಿದ: "ಅಯ್ಯನವರೇ, ಅವನು ತಪ್ಪಿದ್ದೆಲ್ಲಿ?"

"ಎಲ್ಲೂ ಇಲ್ಲಪ್ಪ, ಆ ಸಂಜೆ ಒಂದು ಮಾತೂ ತಪ್ಪಲಿಲ್ಲ."