ಎದುರುಗಾಲವ್ವನ ಬಂಡೆ

ಚಿತ್ರದುರ್ಗದ ಸೀಮೆಯ ಬಯಲಿನಲ್ಲಿ, ಕುರಿಹಾದಿ ಎರಡಾಗಿ ಒಡೆಯುವ ಕಡೆ, ಎದೆಯೆತ್ತರದ ಒಂದು ಕರಿಬಂಡೆ ಇದೆ. ಗುಡಿಯಿಲ್ಲ, ಗೋಪುರವಿಲ್ಲ, ತಂಗಡಿ ಗಿಡಗಳ ನಡುವೆ ಅರಿಶಿನ ಮೆತ್ತಿದ ಕಲ್ಲು, ಅಷ್ಟೇ. ಪಕ್ಕದ ಹಟ್ಟಿಯವರು ಇದನ್ನು ಎದುರುಗಾಲವ್ವನ ಬಂಡೆ ಎನ್ನುತ್ತಾರೆ. ತಲೆಯ ಬದಲು ಕಾಲೋ ಪೃಷ್ಠವೋ ಮುಂದಾಗಿ ಹುಟ್ಟುವ ಮಗುವಿಗೆ ಅವರಲ್ಲಿ ಎದುರುಗಾಲಿನ ಮಗು ಎಂದು ಹೆಸರು.

ಹಿಂದೆ ಒಮ್ಮೆ, ಇಲ್ಲಿ ಊರೇ ಇಲ್ಲದ ಕಾಲದಲ್ಲಿ, ಕುರಿಗಾಹಿಗಳ ಗುಂಪೊಂದು ಮೇವು ಹುಡುಕಿಕೊಂಡು ಈ ಹಾದಿಯಲ್ಲಿ ಹೊರಟಿತ್ತಂತೆ. ಅವರಲ್ಲಿ ಕ್ಯಾತಕ್ಕನೆಂಬ ಮುದುಕಿ ಸೂಲಗಿತ್ತಿ. ದಿನ ತುಂಬುವ ಹೊತ್ತಿಗೆ ಬಹುಪಾಲು ಕೂಸುಗಳು ತಾವಾಗಿಯೇ ತಲೆ ಕೆಳಗೆ ಮಾಡಿಕೊಳ್ಳುತ್ತವೆ, ನೂರಕ್ಕೆ ಮೂರೋ ನಾಲ್ಕೋ ಮಾತ್ರ ತಿರುಗದೆ ಕುಳಿತುಬಿಡುತ್ತವೆ ಎಂಬುದು ಅವಳು ಕಂಡುಕೊಂಡದ್ದು. ಹಾಗೆ ಕುಳಿತವುಗಳಲ್ಲಿಯೂ ಹೆಚ್ಚಿನವು ಬದುಕಿದ್ದವು. ಅವಸರಪಟ್ಟು ಎಳೆದ ಕಡೆ ತಲೆ ಸಿಕ್ಕಿಕೊಂಡು ಕೆಲವು ಹೋಗಿದ್ದವು. ಅವಳ ಸ್ವಂತ ತಂಗಿಯ ಮಗು ಹೋದದ್ದೂ ಹಾಗೆಯೇ. ಈಗ ಅವಳ ಮೊಮ್ಮಗಳು ಸಿರಿಯಕ್ಕನಿಗೆ ಈ ಬಂಡೆಯ ಬಳಿ ನೋವು ಕಾಣಿಸಿಕೊಂಡಿತು. ಹೊಟ್ಟೆಯ ಮೇಲೆ ಕೈಯಾಡಿಸಿದ ಮುದುಕಿಗೆ ಪಕ್ಕೆಲುಬಿನ ಕೆಳಗೆ ಗುಂಡಗೆ ತಲೆ ಸಿಕ್ಕಿತು. ಮೊಮ್ಮಗಳಿಗೆ ಬಂಡೆಯನ್ನು ತಬ್ಬಿಕೊಂಡು ಮಂಡಿಯೂರಲು ಹೇಳಿ, ಹಿಂದೆ ಕುಳಿತಳು. ಮೊದಲು ಕಂಡದ್ದು ಒಂದು ಪಾದ. ಎಳೆಯಬೇಕೆಂದು ಹೆಂಗಸರೆಲ್ಲ ಹೇಳಿದರು. ಕ್ಯಾತಕ್ಕ ಯಾರನ್ನೂ ಹತ್ತಿರ ಬಿಡಲಿಲ್ಲ, ತಾನೂ ಮುಟ್ಟಲಿಲ್ಲ. ಮೈಯೆಲ್ಲ ಇಳಿದು ತೋಳುಗಳು ಹೊರಬಂದ ಮೇಲೆಯೇ ಕೂಸನ್ನು ಮುಂಗೈ ಮೇಲೆ ಆನಿಸಿಕೊಂಡು, ಕೆನ್ನೆಗೆ ಬೆರಳಿಟ್ಟು ಗದ್ದವನ್ನು ಎದೆಗೆ ಬಾಗಿಸಿದಳು. ತಲೆ ಜಾರಿತು. ಹೆಣ್ಣು ಮಗು. ಅಳಲಿಲ್ಲ. ಕಂಬಳಿಯಿಂದ ಬೆನ್ನುಜ್ಜಿ, ಬಾಯಿಗೆ ಮೆಲ್ಲಗೆ ಉಸಿರೂದಿದಳು. ಬಹಳ ಹೊತ್ತಿನ ಮೇಲೆ ಕೀರಲು ಧ್ವನಿಯೊಂದು ಬಂತು.

ಗುಂಪಿನ ಯಜಮಾನ ಬೊಮ್ಮಣ್ಣನಿಗೆ ಸಮಾಧಾನವಾಗಲಿಲ್ಲ. ಕಾಲು ಮುಂದಿಟ್ಟು ಬಂದದ್ದು ಕುಲಕ್ಕೆ ಕೇಡು, ಅದನ್ನು ಇಲ್ಲಿಯೇ ಬಿಟ್ಟು ಹೊರಡಬೇಕೆಂದು ತೀರ್ಪು ಕೊಟ್ಟ. ಸಿರಿಯಕ್ಕ ಮಗುವನ್ನು ಸೆರಗಿನೊಳಗೆ ಅವುಚಿಕೊಂಡಳು. ಕ್ಯಾತಕ್ಕ ಎದ್ದು ಅವನೆದುರು ನಿಂತಳು.

“ಬೊಮ್ಮಣ್ಣ, ನೀನೂ ಹೀಗೇ ಬಂದವನಪ್ಪ. ಹಿಡಿದದ್ದು ಇದೇ ಕೈ. ಯಾರಿಗೂ ಹೇಳಬೇಡವೆಂದು ನಿನ್ನವ್ವ ಆಣೆ ಹಾಕಿಸಿದ್ದಳು. ಇವತ್ತು ಆಣೆ ಮುರಿದೆ.”

ಬೊಮ್ಮಣ್ಣ ತನ್ನ ಹೆಗಲ ಕಂಬಳಿಯನ್ನು ತೆಗೆದು ಬಾಣಂತಿಗೆ ಹೊದಿಸಿ, ಇಲ್ಲಿಯೇ ಕುರಿಗಳಿಗೆ ರೊಪ್ಪ ಕಟ್ಟಿ ನೆಲೆಸಲು ಹೇಳಿದನಂತೆ. ಹಟ್ಟಿ ಬೆಳೆದದ್ದು ಹಾಗೆ. ಮಗುವಿನ ಕಾಲುಗಳು ಕೆಲವು ವಾರ ಹೊಟ್ಟೆಗೆ ಮಡಚಿಕೊಂಡೇ ಇದ್ದವು. ಸೊಂಟದ ಕೀಲು ಸರಿದೀತು, ಬಿಗಿದು ಸುತ್ತಬೇಡವೆಂದು ಮುದುಕಿ ಹೇಳಿದಳು. ಸಿರಿಯಕ್ಕ ಮಗುವಿನ ಕಾಲು ಅಗಲಿಸಿ ತನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಹುಡುಗಿ ತಡವಾಗಿ ನಡೆದಳು, ತುಸು ಕುಂಟಿದಳು, ಆದರೆ ಕುರಿಯ ಹಿಂದೆ ಎಲ್ಲರಷ್ಟೇ ದೂರ ಹೋಗಿಬಂದಳು. ಮೊಮ್ಮಕ್ಕಳನ್ನು ಕಂಡು ತೀರಿಕೊಂಡ ಅವಳೇ ಎದುರುಗಾಲವ್ವ.

ಇಂದಿಗೂ ಬಸುರಿಯರು ಇಲ್ಲಿಗೆ ಬರುತ್ತಾರೆ. ಮಗು ತಿರುಗಿಲ್ಲವೆಂದರೆ, ಮೊದಲು ಪೇಟೆಯ ಆಸ್ಪತ್ರೆಗೆ ಹೋಗವ್ವ, ಹೆರಿಗೆಯಾದ ಮೇಲೆ ಬಂದು ಅರಿಶಿನ ಹಚ್ಚು ಎಂದು ಬಂಡೆಯ ಪೂಜಾರಿ ಕಳಿಸುತ್ತಾನೆ. ಬೆನ್ನು ಉಳುಕಿದವರೂ ಬರುತ್ತಾರೆ. ಎದುರುಗಾಲಿನವರ ಪಾದ ಬೆನ್ನಿಗೆ ತಾಗಿದರೆ ಉಳುಕು ಬಿಡುತ್ತದೆಂದು ನಂಬಿಕೆ. ಆಗ ಪೂಜಾರಿ ನೆರೆದವರತ್ತ ತಿರುಗಿ, ಹಾಗೆ ಹುಟ್ಟಿದವರು ಯಾರಿದ್ದೀರಿ ಎಂದು ಕೇಳುತ್ತಾನೆ. ಜನ ತುಂಬಿದ ದಿನ ಯಾರಾದರೊಬ್ಬರು ಚಪ್ಪಲಿ ಕಳಚಿಟ್ಟು ಮುಂದೆ ಬಂದೇ ಬರುತ್ತಾರೆ.