ಹಡಗು ಎಂದರೆ ನಾನೇ

ಮೂವತ್ತೊಂದು ವರ್ಷ ಸೇವೆ ಸಲ್ಲಿಸಿದ ವಿಮಾನವಾಹಕ ಹಡಗೊಂದು ಗುಜರಿಗೆ ಹೊರಡುವ ಹಿಂದಿನ ದಿನ, ತನ್ನೊಳಗೆ ಗಾಜಿನ ಪೆಟ್ಟಿಗೆಯಲ್ಲಿದ್ದ ತನ್ನದೇ ಪುಟ್ಟ ಮಾದರಿಯನ್ನು ಮಾತಾಡಿಸಿತು. ಮಾದರಿ ವಸ್ತುಸಂಗ್ರಹಾಲಯಕ್ಕೆ ಹೋಗುವುದಿತ್ತು. ಆ ಬಿಗುಮಾನ ಅದಕ್ಕಿತ್ತು.

“ತಮ್ಮಾ, ಹಿಂದೊಮ್ಮೆ ಬಿರುಗಾಳಿಯಲ್ಲಿ ನನ್ನ ಮೇಲಿಂದ ನಾಲ್ವರು ನಾವಿಕರು ಸಮುದ್ರಕ್ಕೆ ಬಿದ್ದು ಸತ್ತರು. ಇವತ್ತಿಗೂ ಬೆಳಿಗ್ಗೆ ಎಂಟಕ್ಕೆ, ಬಾವುಟ ಏರಿಸುವ ಹೊತ್ತಿಗೆ, ಹಾಜರಿಗೆ ಬಂದು ನಿಲ್ಲುತ್ತಾರೆ. ಇನ್ನು ಮುಂದೆ ಅವರಿಗೆ ನೀನು ಜಾಗ ಕೊಡು.”

“ಆಗದಣ್ಣಾ. ನನ್ನ ಫಲಕದಲ್ಲಿ ‘ಒಂದೂ ಸಾವಿಲ್ಲದ ಸೇವೆ’ ಎಂದು ಕೆತ್ತಿಸಿದ್ದಾರೆ.”

“ಕೆತ್ತಿಸಿದವರು ಸಮುದ್ರ ಕಂಡವರಲ್ಲ.”

“ನನ್ನನ್ನು ನೋಡಲು ಬರುವವರೂ ಕಂಡವರಲ್ಲ. ಅವರಿಗೆ ಇನ್ನು ಹಡಗು ಎಂದರೆ ನಾನೇ.”

“ಸರಿ, ಆ ನಾಲ್ವರಿಗೂ ಹಾಗೆಯೇ ಹೇಳುತ್ತೇನೆ,” ಎಂದಿತು ಹಡಗು.

ಮೂರು ತಿಂಗಳಲ್ಲಿ ಹಡಗಿನ ಕೊನೆಯ ತಗಡನ್ನೂ ಕತ್ತರಿಸಿ ಮುಗಿಸಿದರು. ಮರುದಿನ ಬೆಳಿಗ್ಗೆ ಎಂಟಕ್ಕೆ ವಸ್ತುಸಂಗ್ರಹಾಲಯದಲ್ಲಿ ಮಾದರಿಯ ಪೆಟ್ಟಿಗೆಯ ಗಾಜು ಒಳಗಿನಿಂದ ಮಂಜಾಯಿತು. ನೀರನ್ನೇ ಮುಟ್ಟದ ಮಾದರಿಗೆ ಬೆನ್ನು ಒದ್ದೆಯಾದಂತಾಯಿತು. ನೋಡಿದರೆ ಅಕ್ಕಿಕಾಳಿನಷ್ಟೆತ್ತರದ ನಾಲ್ವರು, ನೀರು ಸುರಿಸುತ್ತ ಸಾಲಾಗಿ ನಿಂತಿದ್ದರು.

“ಯಜಮಾನ್ರೇ, ಹಡಗು ನೀವೇ ಅಂತೆ,” ಎಂದ ಹಿರಿಯವನು. “ಮನೇಲಿ ಕಾಯ್ತಿದ್ದಾರೆ. ದಡಕ್ಕೆ ಯಾವಾಗ ಮುಟ್ಟಿಸ್ತೀರಿ?”

ತನ್ನೊಳಗೆ ಎಂಜಿನ್ ಇಲ್ಲ, ಬರೀ ತೇಗದ ತುಂಡಿದೆ ಎನ್ನಲು ಮಾದರಿಗೆ ನಾಚಿಕೆಯಾಯಿತು.

“ನಾಳೆ,” ಎಂದಿತು.

ಮರುದಿನ ಎಂಟಕ್ಕೆ ಅವರು ಮತ್ತೆ ಬಂದರು, ಊರಿಗೆ ಹೊರಟವರಂತೆ ತಲೆ ಬಾಚಿಕೊಂಡು.